ಕುಕ್ಕರ್‌ನಾಗ ಸಿಗಡಿ ಹಾಕಬ್ಯಾಡ್ರಿ

ಇವತ್ತಿನ ಸಂಚಿಕೆ ಅಡುಗಿ ಬಗ್ಗೆ. ಎಣ್ಣಿಗಾಯಿ ಅಲ್ಲ, ಹೋಳಿಗಿ ಅಲ್ಲ. ಸಿಗಡಿ. ಹೌದ್ರಿ, ಹೊರ್ತಿಯೊಳಗ ಕುಂತು ಸಿಗಡಿ.

ನಗೋರು ನಗ್ರಿ. ಆದ್ರ ಒಂದು ವಿಚಾರ ಹೇಳ್ತೀನಿ ಕೇಳ್ರಿ. ನಮ್ಮ ಊರ ಮುಂದ ಹಾಯೋ ಸೊಲ್ಲಾಪುರ–ವಿಜಯಪುರ ರೋಡ್ ಐತಲ್ಲ, ಅದು ರಾಷ್ಟ್ರೀಯ ಹೆದ್ದಾರಿ 52. ಪಂಜಾಬಿನ ಸಂಗ್ರೂರಿನಾಗ ಶುರು ಆಗೋ ರೋಡ್ ಅದು. ವಿಜಯಪುರ, ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಎಲ್ಲಿ ಮುಗೀತದ ಗೊತ್ತೇನು? ಅಂಕೋಲಾದಾಗ, ಸಮುದ್ರದ ಬಾಜೂಕ. ಅಂದ್ರ ನಮ್ಮ ಊರಿಂದ ಮುನ್ನೂರ ಐವತ್ತು ಕಿಲೋಮೀಟರ್ ಮ್ಯಾಲೆ ದೂರ ಇರಬಹುದು, ಆದ್ರ ಸಿಗಡಿ ಮತ್ತ ನಾವು ಒಂದೇ ರೋಡಿನ ಮಂದಿ.

ಈಗ ಈ ವಿಷಯ ಯಾಕ ಬಂತು? ನಮ್ಮ ಅತ್ತಿ ಮಗ ಒಬ್ಬ ಅದಾನ. ಹುಬ್ಬಳ್ಳಿಯೊಳಗ ಕೆಲಸ. ಅಲ್ಲಿ ರೂಮ್‌ಮೇಟ್ ಕಾರವಾರದಾಂವ, ಅವನ ಕೂಡಿ ಸಿಗಡಿ ತಿಂದು ರುಚಿ ಹತ್ತೇತಿ. ಒಂದ್ ಐತವಾರ ಊರಿಗೆ ಬರೋ ಮುಂದ ಒಂದು ಕಿಲೋ ಐಸ್ ಹಾಕಿಸ್ಕೊಂಡು ತಂದ. ಅವರ ಮನ್ಯಾಗ ಅಡಗಿ ಮಾಡೋ ದೊಡ್ಡವ್ವ ಮಟನ್ ಸಾರಿನಾಗ ಎತ್ತಿದ ಕೈ. ಸಿಗಡಿ ನೋಡಿದ್ಲು, ಮಸಾಲಿ ಅರದ್ಲು, ಕುಕ್ಕರ್‌ನಾಗ ಹಾಕಿದ್ಲು, ನಾಲ್ಕು ಸೀಟಿ ಹೊಡಿಸಿದ್ಲು. ಮಟನ್‌ಗೆ ಹಂಗ ಮಾಡ್ತೀವಲ್ಲ, ಹಂಗ. ತೆಗೆದು ನೋಡಿದ್ರ ಕಿರುಬೆರಳಿನಷ್ಟಿದ್ದ ಸಿಗಡಿ ಬಟಾಣಿ ಆಗಿ ಕುಂತಿದ್ವು. ಕಚ್ಚಿದ್ರ ರಬ್ಬರ್. ಮ್ಯಾಲೆ ಬೆನ್ನಾಗಿನ ಕರೀ ಗೆರಿ ಯಾರೂ ತೆಗೆದಿರಲಿಲ್ಲ, ಹಲ್ಲಿಗೆ ಉಸುಕು. ದೊಡ್ಡವ್ವ ತಾಟು ಸರಿಸಿ ಒಂದೇ ಮಾತು ಹೇಳಿದ್ಲು: "ಇದು ನಮ್ಮ ಊಟ ಅಲ್ಲೋ ಯಪ್ಪಾ."

ಆ ಮಾತು ನನಗ ಚುಚ್ಚಿತು. ಯಾಕಂದ್ರ ತಪ್ಪು ಸಿಗಡಿದೂ ಅಲ್ಲ, ದೊಡ್ಡವ್ವಂದೂ ಅಲ್ಲ. ಹೇಳಿಕೊಡೋರು ಯಾರೂ ಇರಲಿಲ್ಲ. ಕರಾವಳಿ ಹುಡುಗರು ಅಜ್ಜಿ ಬಾಜೂಕ ಕುಂತು ಸಿಗಡಿ ಸುಲಿಯೋದು ಕಲೀತಾರ. ನಾವು ಜ್ವಾಳದ ರೊಟ್ಟಿ ಬಡಿಯೋದು ನೋಡಿ ಬೆಳೆದೋರು. ಐನೂರು ಆರನೂರು ರೂಪಾಯಿ ಕೊಟ್ಟು ತಂದದ್ದು ಒಂದ್ ಸಲ ಕೆಟ್ಟರ ಇನ್ನೊಂದ್ ಸಲ ಯಾರೂ ತರೋದಿಲ್ಲ. ಅದಕ್ಕ ಇವತ್ತು ಪೂರ್ತಿ ಹೇಳೋಣ ಅಂತ.

ಮೊದಲು ಹೆಸರಿನ ಗೊಂದಲ ಮುಗಿಸೋಣ. ಸಿಗಡಿ ಅಂದ್ರ ಎಲ್ಲರಿಗೂ ತಿಳೀತದ. ಕುಂದಾಪುರ ಕಡೆ ಚಟ್ಲಿ, ಉತ್ತರ ಕನ್ನಡದಾಗ ಶೆಟ್ಲಿ, ತುಳುವಿನಾಗ ಎಟ್ಟಿ, ಕೊಂಕಣಿಯೊಳಗ ಸುಂಗಟ. ಸೊಲ್ಲಾಪುರಕ್ಕ ಹೋದ್ರ ಮರಾಠಿಯೊಳಗ ಕೋಳಂಬಿ, ಹಿಂದಿಯೊಳಗ ಝಿಂಗಾ. ನಮ್ಮ ಕಡೆ ಸಂತ್ಯಾಗ ಒಣಮೀನಿನ ಬುಟ್ಟಿ ಬಾಜೂಕ ಸಣ್ಣ ಸಣ್ಣ ಒಣಾ ಸಿಗಡಿ ಕಾಣ್ತಾವಲ್ಲ, ಮರಾಠಿ ಮಂದಿ ಸುಕಟ ಅಂತಾರಲ್ಲ, ಅದೂ ಇದೇ ಜಾತಿ. ಅಂದ್ರ ಸಿಗಡಿ ನಮಗ ಪೂರಾ ಹೊಸಾದಲ್ಲ. ಹಸೀ ಸಿಗಡಿ ಹೊಸಾದು.

ಇನ್ನ ಇವು ಎಲ್ಲಿಂದ ಬರ್ತಾವ? ಸಮುದ್ರದ್ದು ಅಂತ ಹೇಳಿ ಮಾರೋದರಾಗ ಬಹಳಷ್ಟು ಹೊಂಡದಾಗ ಸಾಕಿದ್ದು. ವನಾಮಿ ಅಂತ ಒಂದು ಬಿಳೀ ಸಿಗಡಿ ಐತಿ. ಅದರ ಮೂಲ ದಕ್ಷಿಣ ಮತ್ತ ಮಧ್ಯ ಅಮೆರಿಕದ ಪೆಸಿಫಿಕ್ ದಂಡಿ. ನಮ್ಮ ದೇಶದಾಗ ಅದನ್ನ ಸಾಕೋದು ಶುರು ಆದದ್ದು 2009ರ ಸುಮಾರಿಗೆ. ಈಗ ಆಂಧ್ರ ಪ್ರದೇಶ ಅದರೊಳಗ ಎಲ್ಲರಿಗಿಂತ ಮುಂದ ಐತಿ. ನಮ್ಮ ರಾಜ್ಯದಾಗ ಕುಮಟಾ ಕಡೆ ಅಘನಾಶಿನಿ ನದಿ ಸಮುದ್ರ ಸೇರೋ ಜಾಗದಾಗ ಗಜನಿ ಗದ್ದೆ ಅಂತ ಅದಾವ. ಮಳೆಗಾಲದಾಗ ಅಲ್ಲಿ ಉಪ್ಪುನೀರು ತಡೆಯೋ ಕಗ್ಗ ಭತ್ತ ಬೆಳೀತಾರ, ಭತ್ತ ಕೊಯ್ದ ಮ್ಯಾಲೆ ಅದೇ ಗದ್ದ್ಯಾಗ ಉಬ್ಬರದ ನೀರು ಬಿಟ್ಟು ಸಿಗಡಿ ಬೆಳೀತಾರ. ಒಂದೇ ಹೊಲದಾಗ ಹಿಂಗಾರಿ ಮುಂಗಾರಿ ಇದ್ದಂಗ ನೋಡ್ರಿ, ಒಂದು ಅನ್ನ, ಒಂದು ಪಲ್ಯ. ನಮ್ಮ ಕೃಷ್ಣಾ ನದಿಯೊಳಗೂ ಸಿಹಿನೀರಿನ ಸಿಗಡಿ ಅದಾವ, ಉದ್ದನ್ನ ಕೈ ಇರ್ತಾವ ಅವಕ್ಕ. ಸ್ವಚ್ಛ ಮಾಡೋ ರೀತಿ ಎಲ್ಲಾದಕ್ಕೂ ಒಂದೇ.

ಒಂದು ಲೆಕ್ಕ ತಲ್ಯಾಗ ಇಟ್ಕೊಳ್ರಿ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ನಮ್ಮ ಕರಾವಳಿಯೊಳಗ ಯಾಂತ್ರಿಕ ದೋಣಿ ಮೀನುಗಾರಿಕೆಗೆ ನಿಷೇಧ. ಮೀನು ಮರಿ ಹಾಕೋ ಕಾಲ ಅದು. ನಮಗ ಶ್ರಾವಣ ಇದ್ದಂಗ ಸಮುದ್ರಕ್ಕೂ ಒಂದು ಶ್ರಾವಣ. ಆ ಎರಡು ತಿಂಗಳಾಗ ಯಾರರೆ "ನಿನ್ನೆ ಕಾರವಾರದ ದೊಡ್ಡ ಬೋಟಿನಾಗ ಹಿಡಿದದ್ರಿ" ಅಂತ ಮಾರಾಕತ್ತಿದ್ರ ನಕ್ಕು ಮುಂದ ಹೋಗ್ರಿ.

ತಗೊಳ್ಳೋದಕ್ಕ ಬರೋಣ. ಹೊರ್ತಿಯಿಂದ ಹೋಗೋದಾದ್ರ ವಿಜಯಪುರ, ಇಲ್ಲಾ ಸೊಲ್ಲಾಪುರ. ಅಂಗಡಿ ಮುಂದ ನಿಂತಾಗ ಮೊದಲು ಮೂಗು ಕೆಲಸ ಮಾಡಲಿ. ಒಳ್ಳೇ ಸಿಗಡಿಗೆ ಸಣ್ಣಗ ಉಪ್ಪುನೀರಿನ ವಾಸನಿ ಇರ್ತದ, ಅಷ್ಟ. ಘಾಟು ಹೊಡೆದ್ರ, ಗ್ವಾದಲಿ ಮೂಲ್ಯಾಗ ಮೂತ್ರದ ವಾಸನಿ ಬರ್ತದಲ್ಲ ಹಂಗ ಮೂಗಿಗೆ ಚುಚ್ಚಿದ್ರ, ರೇಟು ಅರ್ಧಕ್ಕಿಳಿಸಿದ್ರೂ ಬ್ಯಾಡ್ರಿ. ಆಮ್ಯಾಲೆ ಬೆರಳಿಗೆ ಮುಟ್ಟಿ ನೋಡ್ರಿ. ಗಟ್ಟಿ ಇರಬೇಕು, ಚಿಪ್ಪು ಮೈಗೆ ಹತ್ತಿ ಕುಂತಿರಬೇಕು, ತಲಿ ಜೋತು ಬಿದ್ದಿರಬಾರದು. ಮೈ ಜಿಗಿಜಿಗಿ ಅನ್ನಬಾರದು. ತಲಿ ಹತ್ರ, ಚಿಪ್ಪಿನ ಸಂದ್ಯಾಗ ಕರೀ ಕಲೆ ಕಂಡ್ರ ಅದು ಹಿಡಿದು ಭಾಳ ಹೊತ್ತಾಗಿರೋ ಗುರುತು. ಬದನಿಕಾಯಿ ಹೆಚ್ಚಿಟ್ಟರ ಕರ್ರಗ ಆಗ್ತದಲ್ಲ, ಅದೇ ತರದ ಕ್ರಿಯೆ ಇಲ್ಲೂ ನಡೀತದ. ಕಲೆ ಒಂದೇ ಇದ್ರ ವಿಷ ಏನಲ್ಲ, ಆದ್ರ ಕಲೆ ಜೋಡಿ ವಾಸನಿನೂ ಇದ್ರ ಬಿಟ್ಟುಬಿಡ್ರಿ.

ಇಲ್ಲಿ ನನ್ನ ಅಭಿಪ್ರಾಯ ಒಂದು ಹೇಳ್ತೀನಿ, ಕರಾವಳಿ ಗೆಳೆಯರು ಬೈಬ್ಯಾಡ್ರಿ. ಸಮುದ್ರದಿಂದ ಇಷ್ಟು ದೂರ ಇರೋ ನಮಗ, ಎರಡು ದಿನ ಐಸ್ ಕರಗಿ ಕರಗಿ ಬಂದ 'ಫ್ರೆಶ್'ಗಿಂತ ಸರಿಯಾಗಿ ಫ್ರೀಜ್ ಮಾಡಿದ ಪ್ಯಾಕೆಟ್ ವಾಸಿ. ಫ್ರೆಶ್ ಅನ್ನೋದು ಬೋರ್ಡಿನ ಮ್ಯಾಲೆ ಬರೆದ್ರ ಬರೋದಿಲ್ಲ. ಪ್ಯಾಕೆಟ್ ತಗೊಂಡ್ರ ಒಳಗ ಐಸಿನ ಪುಡಿ ಭಾಳ ಐತೇನು ನೋಡ್ರಿ. ಇದ್ರ ನಡುವ ಒಮ್ಮೆ ಕರಗಿ ಮತ್ತ ಗಟ್ಟಿ ಆಗಿರಬಹುದು.

ಈಗ ಬಿಕಾಂ ಕಲಿತದ್ದು ಸ್ವಲ್ಪ ಉಪಯೋಗಕ್ಕ ಬರಲಿ. ಸಿಗಡಿ ರೇಟು ಸೈಜಿನ ಮ್ಯಾಲೆ. ಮಾರೋರು 'ಕೌಂಟ್' ಅಂತಾರ. 40 ಕೌಂಟ್ ಅಂದ್ರ ಕಿಲೋಗೆ 40 ಕಾಯಿ. ಕೌಂಟ್ ಕಡಿಮಿ ಆದಂಗ ಸಿಗಡಿ ದೊಡ್ಡದು, ರೇಟೂ ದೊಡ್ಡದು. ಮನಿ ಪಲ್ಯಕ್ಕ 40, 50 ಕೌಂಟ್ ಸಾಕು. ಈಗ ಕಿಲೋಗೆ 500 ರೂಪಾಯಿ ಅಂತ ಇಟ್ಕೊಳ್ರಿ, ಲೆಕ್ಕಕ್ಕ. ತಲಿ, ಚಿಪ್ಪು, ಕಾಲು ತೆಗೆದ ಮ್ಯಾಲೆ ಕೈಗೆ ಸಿಗೋದು ಸುಮಾರು 550 ಗ್ರಾಂ. ಅಂದ್ರ ನೀವು ತಿನ್ನೋ ಮಾಂಸದ ರೇಟು ಕಿಲೋಗೆ 900 ಚಿಲ್ಲರೆ ಆತು. ಹಂಗಾಗಿ ಸುಲಿದಿಟ್ಟ ಸಿಗಡಿ 800ಕ್ಕ ಸಿಕ್ರ ಅದು ಸೋವಿನೇ, ತುಟ್ಟಿ ಅಲ್ಲ. ಆದ್ರ ಇಡೀ ಸಿಗಡಿ ತಗೊಂಡು ತಲಿ, ಚಿಪ್ಪನ್ನ ಸಾರಿಗೆ ಹಾಕಿದ್ರ ಲೆಕ್ಕ ಮತ್ತ ನಿಮ್ಮ ಕಡೆ ವಾಲ್ತದ. ಕೊಟ್ಟ ದುಡ್ಡಿನ ಅರ್ಧದಷ್ಟು ತಿಪ್ಪಿಗೆ ಚೆಲ್ಲೋ ಮುಂದ ಒಮ್ಮೆ ಯೋಚನಿ ಮಾಡ್ರಿ. ಸಾರು ಹೆಂಗ ಅಂತ ಮುಂದ ಹೇಳ್ತೀನಿ.

ತರೋ ದಾರಿ ಭಾಳ ಮುಖ್ಯ. ನಮ್ಮ ಕಡೆ ಏಪ್ರಿಲ್, ಮೇದಾಗ 40 ಡಿಗ್ರಿ ದಾಟ್ತದ. ಅಂಥಾ ಬಿಸಲಾಗ ಹಸೀ ಸಿಗಡಿ ಐಸ್ ಇಲ್ಲದ ಒಂದು ತಾಸಿಗಿಂತ ಹೆಚ್ಚು ಹೊರಗ ಇರಬಾರದು. ವಿಜಯಪುರದಿಂದ ಬಸ್ ಹಿಡಿದು ಮನಿ ಮುಟ್ಟೋದಕ್ಕೇ ತಾಸು ಬೇಕು. ಅದಕ್ಕ ಮನಿಯಿಂದ ಹೋಗೋ ಮುಂದನ ಮುಚ್ಚಳ ಇರೋ ಡಬ್ಬಿ ಇಲ್ಲಾ ಥರ್ಮಾಕೋಲ್ ಪೆಟ್ಟಿಗಿ ತಗೊಂಡು ಹೋಗ್ರಿ. ಕೆಳಗ ಐಸು, ನಡುವ ಕವರಿನಾಗ ಕಟ್ಟಿದ ಸಿಗಡಿ, ಮ್ಯಾಲೆ ಮತ್ತ ಐಸು. ಕವರಿನ ಬಾಯಿ ಬಿಗಿ ಕಟ್ಟಿರಬೇಕು, ಕರಗಿದ ನೀರಾಗ ಸಿಗಡಿ ತೇಲಬಾರದು, ರುಚಿ ಎಲ್ಲಾ ನೀರಿಗೆ ಹೋಗ್ತದ. ಸಂತಿ ಕೆಲಸ, ಬ್ಯಾಂಕ್ ಕೆಲಸ ಎಲ್ಲಾ ಮುಗಿಸಿ ಕಟ್ಟಕಡೀಕ ಸಿಗಡಿ ಕೊಳ್ರಿ.

ಸರಿ, ಮನಿಗೆ ಬಂತು. ಈಗ ಎಲ್ಲರೂ ಹೆದರೋ ಭಾಗ. ಮುಂದ ದೊಡ್ಡ ಪಾತೇಲಿ, ಬಾಜೂಕ ಕಸಕ್ಕ ಒಂದು ಬುಟ್ಟಿ, ಸಾರಿಗೆ ಬೇಕಾದ ತಲಿ ಚಿಪ್ಪಿಗೆ ಇನ್ನೊಂದು, ಸುಲಿದ ಸಿಗಡಿ ಹಾಕಾಕ ಒಂದು ಬಟ್ಟಲು. ಆ ಬಟ್ಟಲಿನ ಕೆಳಗ ಐಸ್ ಇರೋ ತಾಟು ಇಟ್ಟರ ಇನ್ನೂ ಛಲೋ. ಒಂದು ಕಿಲೋ ಸುಲಿಯಾಕ ಹೊಸಬರಿಗೆ ಅರ್ಧ ತಾಸಿಗಿಂತ ಹೆಚ್ಚೇ ಹಿಡೀತದ, ಅಷ್ಟೂ ಹೊತ್ತು ಎಲ್ಲಾ ಸಿಗಡಿ ಹೊರಗ ಇಟ್ಕೊಂಡು ಕುಂದ್ರಬ್ಯಾಡ್ರಿ. ಒಂದೊಂದ ಮುಷ್ಟಿ ತೆಗೆದು ಮಾಡ್ರಿ.

ತಲಿ ಮ್ಯಾಲೆ ಗರಗಸದಂಥಾ ಒಂದು ಮುಳ್ಳು ಇರ್ತದ, ಮುಂದಕ್ಕ ಚಾಚಿರ್ತದ. ಹೊಸಬರ ಬೆರಳಿಗೆ ರಕ್ತ ತೆಗೆಯೋದು ಅದೇ. ಕತ್ತರಿ ತಗೊಂಡು ಮೊದಲು ಅದನ್ನೂ, ಉದ್ದನ್ನ ಮೀಸಿನೂ ಕತ್ತರಿಸಿ ಒಗೀರಿ. ಕೈಗೆ ಮೊದಲೇ ಗಾಯ ಇದ್ರ ಗ್ಲೌಸ್ ಹಾಕ್ಕೊಳ್ರಿ, ಹಸೀ ಸಿಗಡಿ ನೀರು ಗಾಯಕ್ಕ ಒಳ್ಳೇದಲ್ಲ.

ಈಗ ಎಡಗೈಯಾಗ ಮೈ ಹಿಡೀರಿ, ಬಲಗೈಯಾಗ ತಲಿ. ತಲಿ ಮತ್ತ ಮೈ ಕೂಡೋ ಜಾಗದಾಗ ಹೆಬ್ಬೆರಳು ಒತ್ತಿ, ಸ್ವಲ್ಪ ತಿರುವಿ ಎಳೀರಿ. ಶೇಂಗಾ ಬಳ್ಳಿಯಿಂದ ಕಾಯಿ ಹರಿದಂಗ ಬರ್ತದ. ತಲಿಯೊಳಗಿಂದ ಕೇಸರಿ ಬಣ್ಣದ್ದು ಏನೋ ಬಂತು ಅಂತ ಗಾಬರಿ ಆಗಬ್ಯಾಡ್ರಿ, ಕೊಳಕಲ್ಲ ಅದು. ನಮ್ಮ ಯಕೃತ್ತಿನ ಕೆಲಸ ಮಾಡೋ ಅಂಗ, ಕೊಬ್ಬು ತುಂಬಿರ್ತದ. ಸಾರಿನ ರುಚಿ ಇರೋದೇ ಅದರಾಗ.

ತಲಿ ಹೋದ ಮ್ಯಾಲೆ ಹೊಟ್ಟಿ ಕಡೆ ತಿರುಗಿಸ್ರಿ. ಸಾಲಾಗಿ ಕಾಲು ಅದಾವಲ್ಲ, ಎಲ್ಲಾ ಒಟ್ಟಿಗೆ ಹಿಡಿದು ಎಳೀರಿ. ಕಾಲು ಬಂದ ಜಾಗದಾಗ ಚಿಪ್ಪಿನ ಅಂಚು ಸಡಿಲಾಗಿರ್ತದ, ಅಲ್ಲಿಂದ ಹೆಬ್ಬೆರಳು ತೂರಿಸಿ ಬಾಳೆಹಣ್ಣಿನ ಸಿಪ್ಪಿ ತೆಗೆದಂಗ ಸುತ್ತಿಸಿ ತೆಗೀರಿ. ಬಾಲ ಬೇಕಾದ್ರ ಇಡ್ರಿ, ಹುರಿದು ತಿನ್ನೋ ಮುಂದ ಹಿಡಕೊಳ್ಳಾಕ ಬರ್ತದ. ಪಲ್ಯಕ್ಕ, ಸಾರಿಗೆ ಅಂದ್ರ ತೆಗೆದುಬಿಡ್ರಿ. ರಸದಾಗ ಕೈ ಹಾಕಿ ಬಾಲ ಹುಡುಕೋದು ಯಾರಿಗೆ ಬೇಕು.

ಈಗ ಬೆನ್ನಾಗಿನ ಕರೀ ಗೆರಿ. ಭಾಳ ಮಂದಿ ಅದನ್ನ ನರ ಅಂತಾರ. ನರ ಅಲ್ರೀ, ಕರಳು. ಸಿಗಡಿ ತಿಂದದ್ದು, ಉಸುಕು, ಹೊಲಸು ಎಲ್ಲಾ ಅದರಾಗ. ಖರೇ ನರ ಇರೋದು ಹೊಟ್ಟಿ ಕಡೆ, ತೆಳ್ಳಗ, ಅದನ್ನ ಮುಟ್ಟೋ ಜರೂರಿಲ್ಲ. ಕರಳು ಬಿಟ್ಟು ಬೇಯಿಸಿ ತಿಂದ್ರ ಸಾಯ್ತಾರೇನು? ಇಲ್ಲ. ಆದ್ರ ಹಲ್ಲಿಗೆ ಉಸುಕು ಹತ್ತಿ, ಕಹಿ ಆಗಿ, ತಿನ್ನೋರ ಮನಸ್ಸು ಕೆಡ್ತದ. ನಮ್ಮ ದೊಡ್ಡವ್ವನ ತಾಟು ಸರದದ್ದಕ್ಕ ಅರ್ಧ ಕಾರಣ ಅದೇ. ಸಣ್ಣ ಚಾಕು ತಗೊಂಡು ಬೆನ್ನಿನ ನಡುವ ತಲಿ ಕಡೆಯಿಂದ ಬಾಲದ ತನಕ ಒಂದು ಗೀರು. ಆಳ ಬ್ಯಾಡ, ಜ್ವಾಳದ ಕಾಳಿನ ಅರ್ಧದಷ್ಟು. ಚಾಕುವಿನ ತುದಿಯಿಂದ ಗೆರಿ ಎಬ್ಬಿಸಿ, ಬೆರಳಿಗೆ ಹಿಡಿದು ನಿಧಾನ ಎಳೀರಿ. ತುಂಡಾಗದ ಬಂದ್ರ ಅಂಥಾ ಖುಷಿ ಇನ್ನೊಂದಿಲ್ಲ, ಮಾಡಿ ನೋಡ್ರಿ. ಚಿಪ್ಪು ಸಮೇತ ಹುರಿಯೋದಿದ್ರ ಬೆನ್ನಿನ ಎರಡನೇ ಮತ್ತ ಮೂರನೇ ಗೆಣ್ಣಿನ ಸಂದ್ಯಾಗ ಟೂತ್‌ಪಿಕ್ ಚುಚ್ಚಿ ಮ್ಯಾಲೆ ಎತ್ತಿದ್ರೂ ಗೆರಿ ಬರ್ತದ. ಕೆಲವು ಸಿಗಡಿಯೊಳಗ ಗೆರಿ ಕಾಣೋದೇ ಇಲ್ಲ. ಹೊಟ್ಟಿ ಖಾಲಿ ಇದ್ದಾಗ ಹಿಡಿದದ್ದು ಅಷ್ಟ, ಹುಡುಕಿ ಹುಡುಕಿ ಮಾಂಸ ಹರೀಬ್ಯಾಡ್ರಿ.

ತೊಳೆಯೋದು ಒಂದೇ ಸಲ. ಹರಿಯೋ ತಣ್ಣೀರಾಗ ಲಗೂನ ತೊಳೆದು ಸೋಸಿ ತೆಗೀರಿ. ನೀರು ತುಂಬಿಸಿ ನೆನೆ ಹಾಕೋದು, ಐದಾರು ಸಲ ತಿಕ್ಕಿ ತಿಕ್ಕಿ ತೊಳೆಯೋದು ಬ್ಯಾಡ. ಸಿಗಡಿ ನೀರು ಕುಡೀತದ, ಆಮ್ಯಾಲೆ ತವಾದ ಮ್ಯಾಲೆ ಆ ನೀರು ಬಿಟ್ಟು ಹುರಿಯೋ ಬದಲಿ ಕುದೀತದ. ತೊಳೆದ ಮ್ಯಾಲೆ ಸ್ವಚ್ಛ ಅರಿವಿಯಿಂದ ಒತ್ತಿ ಒರೆಸ್ರಿ. ಇದನ್ನ ಯಾರೂ ಹೇಳೋದಿಲ್ಲ, ಆದ್ರ ಹುರಿದ ಸಿಗಡಿಗೂ ಬೇಯಿಸಿದ ಸಿಗಡಿಗೂ ಫರಕ್ಕು ಈ ಅರಿವಿಯೊಳಗ ಐತಿ. ಚಾಕು, ಹಲಗಿ, ಕೈ ಮೂರೂ ಸಾಬೂನು ಹಚ್ಚಿ ತೊಳೆದ ಮ್ಯಾಲೆನ ಕೊತ್ತಂಬರಿ ಹೆಚ್ಚೋಕ ಕುಂದ್ರಿ.

ಒಲಿ ಹಚ್ಚೋ ಮುಂದ ಒಂದು ನಿಮಿಷ. ಇದು ರುಚಿ ಮಾತಲ್ಲ, ಜೀವದ ಮಾತು. ಫಾರ್ವರ್ಡ್ ಮಾಡಿ ಕೇಳೋರು ಇಲ್ಲಿ ನಿಲ್ಲಿಸ್ರಿ.

ಸಿಗಡಿ, ಏಡಿ ಇವುಗಳಿಗೆ ಕೆಲವರಿಗೆ ಅಲರ್ಜಿ ಇರ್ತದ. ಟ್ರೋಪೋಮಯೋಸಿನ್ ಅನ್ನೋ ಪ್ರೋಟೀನ್ ಅದಕ್ಕ ಮುಖ್ಯ ಕಾರಣ. ಬೇಯಿಸಿದ್ರ ಅದು ಹೋಗೋದಿಲ್ಲ. "ಚೊಲೋತಂಗ ಕುದಿಸಿದ್ರ ಏನೂ ಆಗೂದಿಲ್ಲ" ಅನ್ನೋದು ಈ ವಿಷಯದಾಗ ಸುಳ್ಳು. ಶೇಂಗಾ, ಹಾಲಿನ ಅಲರ್ಜಿ ಸಣ್ಣವರಿದ್ದಾಗನ ಕಾಣಿಸ್ಕೊಳ್ಳೋದು ಹೆಚ್ಚು, ಆದ್ರ ಸಿಗಡಿ ಅಲರ್ಜಿ ದೊಡ್ಡವರಾದ ಮ್ಯಾಲೆ ಶುರು ಆಗೋದೂ ಸಾಮಾನ್ಯ. ಈಗ ನಮ್ಮ ಪರಿಸ್ಥಿತಿ ನೋಡ್ರಿ. ಕರಾವಳಿಯೊಳಗ ಹುಡುಗ ನಾಲ್ಕು ವರ್ಷದಾವ ಇದ್ದಾಗ ತಿಂದಿರ್ತಾನ, ಯಾರಿಗೆ ಆಗೂದಿಲ್ಲ ಅಂತ ಮನಿ ಮಂದಿಗೆ ಗೊತ್ತಿರ್ತದ. ನಮ್ಮಲ್ಲಿ ಮೂವತ್ತು ಐವತ್ತು ವಯಸ್ಸಿನೋರು ಜೀವನದಾಗ ಮೊದಲ ಸಲ ತಿನ್ನಾಕತ್ತಿರ್ತಾರ, ಅದೂ ಐತವಾರ, ಮನಿ ತುಂಬಾ ಬೀಗರು ಇದ್ದಾಗ. ದೊಡ್ಡ ಆಸ್ಪತ್ರಿ ಅಂದ್ರ ವಿಜಯಪುರ.

ಅದಕ್ಕ ಬಡಿಸೋ ಮುಂದ ಬಾಯಿಬಿಟ್ಟು ಕೇಳ್ರಿ: "ಮೊದಲು ತಿಂದೀರೇನು? ಏಡಿ, ಒಣಾ ಸಿಗಡಿ ತಿಂದಾಗ ತುರಿಕಿ ಬಂದಿತ್ತೇನು?" ಬಂದಿತ್ತು ಅಂದ್ರ ಒತ್ತಾಯ ಮಾಡಬ್ಯಾಡ್ರಿ. "ಒಂದ್ ತುತ್ತು ತಿಂದ್ರ ಏನಾಗ್ತದ" ಅನ್ನೋ ನಮ್ಮ ಬೀಗರ ಮರ್ಯಾದಿ ಇಲ್ಲಿ ಕೆಲಸಕ್ಕ ಬರೋದಿಲ್ಲ. ಮೊದಲ ಸಲ ತಿನ್ನೋರು ಒಂದು ಸಣ್ಣ ತುಂಡು ತಿಂದು ಸ್ವಲ್ಪ ಹೊತ್ತು ಕಾಯಲಿ. ತುಟಿ ಬಾತುಕೊಂಡ್ರ, ಮೈ ತುಂಬಾ ದದ್ದು ಎದ್ದರ, ಗಂಟಲು ಬಿಗಿದಂಗ ಆದ್ರ, ಉಸಿರಾಡಾಕ ತ್ರಾಸ ಆದ್ರ, ತಲಿ ತಿರುಗಿ ಬಿದ್ದರ, ಮಜ್ಜಿಗಿ ಕುಡಿಸ್ಕೋತ, ಅರಿಷಿಣ ಹಚ್ಕೋತ ಕುಂದ್ರಬ್ಯಾಡ್ರಿ. 108ಕ್ಕ ಫೋನ್ ಹಚ್ರಿ, ಇಲ್ಲಾ ಸಿಕ್ಕ ಗಾಡಿಯೊಳಗ ಹತ್ತಿರದ ಆಸ್ಪತ್ರಿಗೆ ಒಯ್ರಿ. ಅಲ್ಲಿ ಕೊಡೋ ಅಡ್ರಿನಲಿನ್ ಇಂಜೆಕ್ಷನ್ ಜೀವ ಉಳಿಸ್ತದ. ಹೋಗೋ ದಾರ್ಯಾಗ ಏನು ತಿಂದ್ರು ಅನ್ನೋದನ್ನ ಮರೀದ ಡಾಕ್ಟರ್‌ಗೆ ಹೇಳ್ರಿ. ಇದು ಭಾಳ ಮಂದಿಗೆ ಆಗೋದಲ್ಲ. ಆದ್ರ ಆದವರಿಗೆ ನಿಮಿಷ ಲೆಕ್ಕ.

ಈಗ ಒಲಿ. ಮಟನ್ ಯಾಕ ಭಾಳ ಹೊತ್ತು ಬೇಯಿಸ್ತೀವಿ? ಅದರಾಗ ಗಟ್ಟಿ ನಾರು ಇರ್ತದ, ತಾಸುಗಟ್ಟಲೆ ಕುದ್ದ ಮ್ಯಾಲೆ ಅದು ಕರಗಿ ಮೆತ್ತಗ ಆಗ್ತದ. ಸಿಗಡಿ ಮೈಯಾಗ ಅಂಥಾ ನಾರು ಇರೋದು ಭಾಳ ಕಡಿಮಿ. ಅದನ್ನ ಹೆಚ್ಚು ಹೊತ್ತು ಬೇಯಿಸಿದಷ್ಟೂ ಮಾಂಸ ಬಿಗಿದು, ಒಳಗಿನ ನೀರು ಹಿಂಡಿ ಹೊರಗ ಹಾಕ್ತದ. ಮಟನ್ ಹೊತ್ತು ಹೋದಂಗ ಮೆತ್ತಗ ಆಗ್ತದ, ಸಿಗಡಿ ಹೊತ್ತು ಹೋದಂಗ ಗಟ್ಟಿ ಆಗ್ತದ. ಕುಕ್ಕರ್ ಸೀಟಿ ಹೊಡಿಯೋದರಾಗ ಸಿಗಡಿ ಕತಿ ಮುಗಿದಿರ್ತದ.

ಹಂಗಾದ್ರ ಬೆಂದದ್ದು ಹೆಂಗ ತಿಳಿಯೋದು? ಕಣ್ಣಿಗೆ ಕಾಣ್ತದ. ಹಸೀ ಸಿಗಡಿ ಬೂದಿ ಬಣ್ಣ, ಆರಪಾರ ಕಂಡಂಗ ಇರ್ತದ. ಬಿಸಿ ತಾಗಿದ ಕೂಡ್ಲೇ ಕೇಸರಿ ಆಗ್ತದ. ಆ ಬಣ್ಣ ಮೊದಲೇ ಅದರ ಮೈಯಾಗ ಇತ್ತು, ಪ್ರೋಟೀನ್ ಅದನ್ನ ಮುಚ್ಚಿಟ್ಟಿತ್ತು, ಬಿಸಿಗೆ ಹಿಡಿತ ಬಿಟ್ಟು ಹೊರಗ ಬಂತು. ಒಳಗಿನ ಮಾಂಸ ಬೆಳ್ಳಗ ಆಗಿರಬೇಕು. ಆಕಾರನೂ ನೋಡ್ರಿ. ಅರ್ಧಚಂದ್ರ ಆತು ಅಂದ್ರ ಬೆಂತು, ಇಳಿಸ್ರಿ. ಉಂಗುರದಂಗ ಸುತ್ತಿಕೊಂಡು ತಲಿ ಬಾಲ ಕೂಡಿದ್ವು ಅಂದ್ರ ತಡ ಆತು.

ನಮ್ಮ ಮನಿ ರೀತಿ ಹೇಳ್ತೀನಿ. ಸುಲಿದ ಸಿಗಡಿ ಅರ್ಧ ಕಿಲೋ. ಅರ್ಧ ಚಮಚ ಅರಿಷಿಣ, ರುಚಿಗೆ ಉಪ್ಪು, ಎರಡು ಚಮಚ ಮಸಾಲಿ ಖಾರ, ಒಂದು ಚಮಚ ಶುಂಠಿ ಬಳ್ಳೊಳ್ಳಿ ಪೇಸ್ಟ್, ಅರ್ಧ ಲಿಂಬಿಹಣ್ಣಿನ ರಸ. ಕಲಸಿ ಹದಿನೈದು ನಿಮಿಷ ಇಡ್ರಿ, ಅದಕ್ಕಿಂತ ಹೆಚ್ಚು ಬ್ಯಾಡ. ಲಿಂಬಿ ಹುಳಿಯೊಳಗ ತಾಸುಗಟ್ಟಲೆ ಇಟ್ಟರ ಒಲಿಗೆ ಹೋಗೋ ಮೊದಲೇ ಮಾಂಸ ಬಿಗೀತದ.

ತವಾ ಚೊಲೋ ಕಾಯಲಿ. ಎರಡು ಚಮಚ ಎಣ್ಣಿ, ಕುಸುಬಿ ಎಣ್ಣಿ ಸಿಕ್ಕರ ಅದೇ. ಸಿಗಡಿ ಒಂದರ ಮ್ಯಾಲೆ ಒಂದು ಬೀಳಧಂಗ ಹರವಿ, ಅರ್ಧ ಈಗ, ಅರ್ಧ ಆಮ್ಯಾಲೆ. ಒಂದೂವರೆ ನಿಮಿಷ ಮುಟ್ಟಬ್ಯಾಡ್ರಿ. ತಿರುವಿ ಹಾಕಿ ಇನ್ನೊಂದು ಒಂದೂವರೆ ನಿಮಿಷ. ತೆಗೆದು ತಾಟಿನಾಗ ಇಡ್ರಿ. ಅದೇ ತವಾದಾಗ ಇನ್ನ ಸ್ವಲ್ಪ ಎಣ್ಣಿ, ಕರಿಬೇವು, ಜಜ್ಜಿದ ಬಳ್ಳೊಳ್ಳಿ ಎಂಟ್ಹತ್ತು ಎಸಳು, ಹೆಚ್ಚಿದ ಉಳ್ಳಾಗಡ್ಡಿ ಎರಡು. ಉಳ್ಳಾಗಡ್ಡಿ ಕೆಂಪಾದ ಮ್ಯಾಲೆ ಒಂದು ಟೊಮ್ಯಾಟೊ, ಅದು ಮೆತ್ತಗಾಗಿ ಎಣ್ಣಿ ಬಿಟ್ಟ ಮ್ಯಾಲೆ ಹುರಿದು ಪುಡಿ ಮಾಡಿದ ಒಣಕೊಬ್ಬರಿ ಎರಡು ಚಮಚ. ಮಸಾಲಿ ಪೂರ್ತಿ ತಯಾರಾದ ಮ್ಯಾಲೆ ಸಿಗಡಿ ಹಾಕ್ರಿ, ಒಂದು ನಿಮಿಷ ಹೊಳ್ಳಾಡಿಸಿ ಒಲಿ ಬಂದ್. ಕೊತ್ತಂಬರಿ, ಮತ್ತ ಒಂದು ಹನಿ ಲಿಂಬಿ. ಬಿಸಿ ರೊಟ್ಟಿ ಜೋಡಿ ಛಲೋ, ಖಡಕ್ ರೊಟ್ಟಿ ಜೋಡಿ ಇನ್ನೂ ಛಲೋ ಅಂತ ನನ್ನ ವಾದ. ಇಲ್ಲಿ ಎಲ್ಲಾ ಕೆಲಸ ಮಸಾಲಿಗೆ, ಸಿಗಡಿಗೆ ಬರೀ ನಾಲ್ಕು ನಿಮಿಷ.

ತಲಿ ಚಿಪ್ಪು ಇಟ್ಟಿದ್ವಲ್ಲ. ಕಣ್ಣಿನ ಮುಂದಿನ ಭಾಗ ಕತ್ತರಿಸಿ ಒಗೆದು, ಉಳಿದದ್ದು ತೊಳೆದು, ಒಂದು ಚಮಚ ಎಣ್ಣಿಯೊಳಗ ಕೆಂಪಗ ಆಗೋ ತನಕ ಹುರೀರಿ. ಒಂದು ಉಳ್ಳಾಗಡ್ಡಿ, ನಾಲ್ಕು ಮೆಣಸಿನಕಾಳು, ಒಂದು ಲೀಟರ್ ನೀರು. ಇಪ್ಪತ್ತು ನಿಮಿಷ ಕುದಿಸಿ, ಸೌಟಿನಿಂದ ತಲಿ ಒತ್ತಿ ರಸ ಬಿಡಿಸಿ ಸೋಸ್ರಿ. ಈ ನೀರಿಗೆ ಹುಣಸಿಹುಳಿ, ಖಾರ, ಬಳ್ಳೊಳ್ಳಿ ಒಗ್ಗರಣಿ ಕೊಟ್ಟರ ಅನ್ನಕ್ಕ ಸಾರು ತಯಾರು. ಮೊದಲ ಸಲ ನಮ್ಮವ್ವ ಇದರಾಗ ಸಿಗಡಿ ಎಲ್ಲಿ ಅಂತ ಕೇಳಿ, ಆಮ್ಯಾಲೆ ಎರಡು ಸಲ ಅನ್ನ ಹಾಕಿಸ್ಕೊಂಡ್ಲು.

ಲಿಂಬಿ ಅಂದೆ. ಈಗ ವಾಟ್ಸಾಪ್ ನೋಡೋರಿಗೆ ಒಂದು ಫಾರ್ವರ್ಡ್ ನೆನಪಾಗಿರಬೇಕು. ಸಿಗಡಿ ತಿಂದು ಲಿಂಬಿ ರಸ ಕುಡಿದ್ರ, ವಿಟಮಿನ್ ಸಿ ಜೋಡಿ ಸೇರಿ ಹೊಟ್ಟ್ಯಾಗ ಆರ್ಸೆನಿಕ್ ವಿಷ ಆಗಿ ಸಾಯ್ತಾರ, ಯಾವುದೋ ದೇಶದಾಗ ಒಬ್ಬಾಕಿ ಸತ್ಲು ಅಂತ. ವರ್ಷಗಟ್ಟಲೆ ತಿರುಗಾಡಾಕತ್ತೈತಿ. ಸುಳ್ಳು ಅದು. ಸಿಗಡಿಯೊಳಗ ಆರ್ಸೆನಿಕ್ ಸಣ್ಣ ಪ್ರಮಾಣದಾಗ ಇರ್ತದ, ಆದ್ರ ಅದರ ಬಹುಪಾಲು ದೇಹಕ್ಕ ತ್ರಾಸ ಕೊಡದ ರೂಪದಾಗ ಇರ್ತದ. ಲಿಂಬಿ ಹಿಂಡಿದ್ರ ಅದು ವಿಷ ಆಗೋದಿಲ್ಲ. ಇಡೀ ಕರಾವಳಿ ಸಿಗಡಿ ಮ್ಯಾಲೆ ಲಿಂಬಿ ಹಿಂಡಿ, ಹುಣಸಿ ಮುರುಗಲ ಹುಳಿ ಹಾಕಿ ತಿನ್ನಾಕತ್ತೈತಿ. ನಾವಂತೂ ಜಿಐ ಟ್ಯಾಗ್ ಪಡೆದ ಇಂಡಿ ಲಿಂಬಿ ಊರಿನ ಮಂದಿ. ಲಿಂಬಿ ಬಿಟ್ಟು ಸಿಗಡಿ ತಿನ್ನು ಅಂದ್ರ ಹೆಂಗ್ರಿ?

ಕಸದ ಮಾತು. ಚಿಪ್ಪು ಹೊರಗ ಒಗೆದ್ರ ಮರುದಿನ ಓಣಿ ತುಂಬಾ ವಾಸನಿ, ನಾಯಿ ಜಗಳ. ನಮ್ಮ ಓಣಿಯೊಳಗ ಮಾಂಸ ಮುಟ್ಟದ ಮನಿ ಭಾಳ ಅದಾವ, ಅವರ ಬಾಗಿಲಿಗೆ ನಾಯಿ ಸಿಗಡಿ ತಲಿ ಒಯ್ದು ಹಾಕಿದ್ರ ಊಟದ ರುಚಿ ಜಗಳಕ್ಕ ತಿರುಗ್ತದ. ಬಾಡಿಗಿ ರೂಮಿನಾಗ ಇರೋರಿಗಂತೂ ಇದು ರೂಮ್ ಉಳಿಯೋ ಪ್ರಶ್ನಿ. ಚಿಪ್ಪು ಕವರಿನಾಗ ಕಟ್ಟಿ ಫ್ರೀಜರ್‌ನಾಗ ಇಟ್ಟು, ಕಸದ ಗಾಡಿ ಬಂದಾಗ ಕೊಡ್ರಿ. ಹೊಲ ಇದ್ದವರು ಮೊಣಕಾಲುದ್ದ ಕುಣಿ ತೋಡಿ ಹೂಳ್ರಿ, ಲಿಂಬಿ ಗಿಡಕ್ಕ ಗೊಬ್ಬರ ಆಗ್ತದ. ಮ್ಯಾಲೆ ಮ್ಯಾಲೆ ಹೂಳಿದ್ರ ನಾಯಿ ತೋಡ್ತಾವ. ಕೈ ವಾಸನಿಗೆ ಹಿಂಡಿದ ಲಿಂಬಿ ಸಿಪ್ಪಿ ಉಪ್ಪು ಹಚ್ಚಿ ತಿಕ್ಕೊಳ್ರಿ.

ಹಸೀ ಸಿಗಡಿ ಉಳಿದ್ರ? ಫ್ರಿಜ್ಜಿನ ತಣ್ಣನೆ ಭಾಗದಾಗ, 4 ಡಿಗ್ರಿ ಒಳಗ, ಒಂದು ದಿನ, ಭಾಳ ಅಂದ್ರ ಎರಡು ದಿನ. ಕರೆಂಟ್ ತಾಸುಗಟ್ಟಲೆ ಹೋಗೋ ಊರಾಗ ಅದನ್ನೂ ನಂಬಬ್ಯಾಡ್ರಿ, ಅವತ್ತೇ ಮಾಡಿ ಮುಗಿಸ್ರಿ. ಫ್ರೀಜರ್‌ನಿಂದ ತೆಗೆದದ್ದು ಕಟ್ಟಿ ಮ್ಯಾಲೆ ಇಟ್ಟು ಕರಗಿಸಬ್ಯಾಡ್ರಿ. ರಾತ್ರಿ ಕೆಳಗಿನ ಖಾನೆಗೆ ಇಳಿಸ್ರಿ, ಅವಸರ ಇದ್ರ ಕವರ್ ಸಮೇತ ತಣ್ಣೀರಾಗ ಮುಳುಗಿಸ್ರಿ. ಒಮ್ಮೆ ಕರಗಿದ ಹಸೀ ಸಿಗಡಿ ಮತ್ತ ಫ್ರೀಜ್ ಮಾಡಬ್ಯಾಡ್ರಿ.

ದೊಡ್ಡವ್ವನ ಮುಂದ ಈ ತವಾದ ಸಿಗಡಿ ಇನ್ನೂ ಇಟ್ಟಿಲ್ಲ. ಅತ್ತಿ ಮಗ ಮುಂದಿನ ಸಲ ಬರೋ ಮುಂದ ತರ್ತೀನಿ ಅಂದಾನ. ಕುಕ್ಕರ್ ಮೊದಲೇ ಅಟ್ಟದ ಮ್ಯಾಲೆ ಇಡು ಅಂತ ಹೇಳೀನಿ.

ನೀವು ಮಾಡಿದ್ರ ಫೋಟೋ ಕಳಿಸ್ರಿ, ಉಂಗುರ ಆಗಿದ್ರೂ ಕಳಿಸ್ರಿ, ನಗೋದಿಲ್ಲ. ಮುಂದಿನ ಸಂಚಿಕೆಯೊಳಗ ಸಂತಿಯ ಒಣಾ ಸಿಗಡಿ ಚಟ್ನಿ. ಬರ್ತೀನ್ರಿ, ನಮಸ್ಕಾರ.